ಉಕ್ತಲೇಖನದ ಆ್ಯಪ್, ಒಂದು ವರ್ಷ ಬಳಸಿದ ಮೇಲೆ: ಅಂಕ ಸಿಕ್ಕಿತು, ತಪ್ಪು ಸಿಗಲಿಲ್ಲ

ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಕಲಿಸುವವರು, ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ) ಇದ್ದು "ಮಕ್ಕಳ ಕಾಗುಣಿತ ನೋಡಲು ಒಂದು ಆ್ಯಪ್ ಬಂದಿದೆಯಂತೆ, ನಮ್ಮ ಶಾಲೆಗೂ ತರಿಸೋಣವಾ" ಎಂದು ಯೋಚಿಸುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಉಂಟು. ಒಂದು ವರ್ಷ ಬಳಸಿ ನೋಡಿಯೇ ಬರೆಯುತ್ತಿದ್ದೇನೆ.

ನಾನು ಉಡುಪಿಯ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಾಲ್ಕನೇ ತರಗತಿಗೆ ಕನ್ನಡ, ಇಂಗ್ಲಿಷ್ ಎರಡೂ ನನ್ನದೇ. 23 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಮಾತು ತುಳು. ಇಬ್ಬರದು ಕೊಂಕಣಿ, ಮೂವರದು ಬ್ಯಾರಿ, ಒಬ್ಬಳದು ಕುಂದಾಪುರದ ಕಡೆಯ ಕನ್ನಡ. ಮಲ್ಪೆಯಲ್ಲಿ, ಕಟ್ಟಡದ ಕೆಲಸದಲ್ಲಿ ಇರುವ ಬಾಗಲಕೋಟೆ, ಕೊಪ್ಪಳ ಕಡೆಯವರ ಮಕ್ಕಳು ಐದು ಮಂದಿ. ಇದನ್ನು ಮೊದಲೇ ಹೇಳಲು ಕಾರಣ ಉಂಟು. ಕಾಗುಣಿತ ಪರೀಕ್ಷೆ ಅಂದರೆ ಕಿವಿಗೆ ಬಿದ್ದದ್ದು ಕೈಗೆ ಹೇಗೆ ಬರುತ್ತದೆ ಎಂದು ನೋಡುವುದು. ಆ ಕಿವಿ ಯಾವ ಮನೆಯಲ್ಲಿ ಬೆಳೆದದ್ದು ಎನ್ನುವುದನ್ನು ಬಿಟ್ಟರೆ ಉಳಿದದ್ದು ಅರ್ಥವೇ ಆಗುವುದಿಲ್ಲ.

ಆ್ಯಪ್‌ನ ಹೆಸರು ಬರೆಯುವುದಿಲ್ಲ. ಇದೇ ಬಗೆಯವು ಬೇರೆಯೂ ಉಂಟು, ಒಬ್ಬರ ಹೆಸರು ಹಾಳು ಮಾಡುವುದು ನನಗೆ ಬೇಡ. ಕೊಳ್ಳುವ ಮೊದಲು ಎಂತ ನೋಡಬೇಕು ಎಂದು ನಿಮಗೆ ಗೊತ್ತಾದರೆ ಸಾಕು. ನಮಗೆ ಇದನ್ನು ಕೊಡಿಸಿದ್ದು ಹಳೆ ವಿದ್ಯಾರ್ಥಿಗಳು, ಒಂದು ತರಗತಿಗೆ ವರ್ಷಕ್ಕೆ 2,400 ರೂಪಾಯಿ. ಜೊತೆಗೆ ನಾಲ್ಕು ಟ್ಯಾಬ್ಲೆಟ್ ಕೂಡ ಕೊಟ್ಟರು. ಅವರ ಪ್ರೀತಿಗೆ ನಾನು ಋಣಿ. ಅದಕ್ಕಾಗಿಯೇ ಆ ಹಣ ಸಾರ್ಥಕ ಆಯಿತಾ ಎಂದು ಸರಿಯಾಗಿ ಹೇಳಬೇಕು ಅನ್ನಿಸಿತು.

ಕೆಲಸ ಮಾಡುವುದು ಹೀಗೆ. ಫೋನಿನಿಂದ ಒಂದು ಪದ ಕೇಳಿಸುತ್ತದೆ, ಆಮೇಲೆ ಆ ಪದ ಇರುವ ಒಂದು ವಾಕ್ಯ, ಮತ್ತೆ ಅದೇ ಪದ. ಮಕ್ಕಳು ಅವರು ಕೊಟ್ಟ ನಂಬರು ಹಾಕಿದ ಹಾಳೆಯಲ್ಲಿ ಬರೆಯುತ್ತಾರೆ. ನಾವು ಹಾಳೆಯ ಫೋಟೋ ತೆಗೆದರೆ ಅದು ಸರಿ ತಪ್ಪು ಗುರುತು ಮಾಡಿ, 20ಕ್ಕೆ ಎಷ್ಟು ಎಂದು ಹೇಳಿ, ಮಗುವನ್ನು ಒಂದರಿಂದ ಆರರವರೆಗಿನ ಯಾವುದೋ ಒಂದು ಹಂತಕ್ಕೆ ಸೇರಿಸುತ್ತದೆ. ವರದಿ ಹೆತ್ತವರ ವಾಟ್ಸ್ಆ್ಯಪ್‌ಗೂ ಹೋಗುತ್ತದೆ. ಕನ್ನಡಕ್ಕೆ, ಇಂಗ್ಲಿಷಿಗೆ ಬೇರೆ ಬೇರೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಪದ, ವಾಕ್ಯ, ಪದ ಎಂಬ ಕ್ರಮ ತುಂಬ ಒಳ್ಳೆಯದು. ನಾವು ಗಡಿಬಿಡಿಯಲ್ಲಿ ಬರೀ ಪದ ಹೇಳಿ ಮುಂದೆ ಹೋಗಿಬಿಡುತ್ತೇವೆ ಅಲ್ವಾ, ಅದು ತಪ್ಪಿತು. ಎಲ್ಲರಿಗೂ ಒಂದೇ ವೇಗ, ಒಂದೇ ದನಿ. ಇನ್ನೊಂದು, ಪದಗಳನ್ನು ಮೊದಲೇ ಕಲಿತು ಬರಲು ಕೊಡುವುದಿಲ್ಲ. ಇದು ಬಹಳ ಮುಖ್ಯ. ಶುಕ್ರವಾರ ಹತ್ತು ಪದ ಬಾಯಿಪಾಠ ಮಾಡಿ 10ಕ್ಕೆ 10 ತೆಗೆದ ಮಗು ಸೋಮವಾರ ಪ್ರಬಂಧದಲ್ಲಿ ಅದೇ ಪದ ತಪ್ಪು ಬರೆಯುವುದನ್ನು ನಾವೆಲ್ಲ ನೋಡಿದ್ದೇವೆ. ಬಾಯಿಪಾಠದ ಪರೀಕ್ಷೆ ತೋರಿಸುವುದು ಆ ಗುರುವಾರದ ರಾತ್ರಿಯನ್ನು ಮಾತ್ರ. ಹೇಳದೆ ಕೊಟ್ಟ ಉಕ್ತಲೇಖನ ಮಗುವಿನ ಒಳಗೆ ಇರುವುದನ್ನು ತೋರಿಸುತ್ತದೆ. ಜೂನ್, ನವೆಂಬರ್, ಫೆಬ್ರವರಿ ಹೀಗೆ ಮೂರು ಸಲ ಇದೇ ಮಟ್ಟದ ಪಟ್ಟಿ ಕೊಟ್ಟು ಹೋಲಿಸಬಹುದು. ಅದು ನನಗೆ ನಿಜವಾಗಿ ಉಪಯೋಗ ಆಯಿತು. ಮಕ್ಕಳ ಕಲಿಕೆಯ ಮಟ್ಟ ನೋಡುವ ಅಸರ್ ಸಮೀಕ್ಷೆಯವರು ಊರಿಗೆ ಬಂದರೂ ಮಕ್ಕಳನ್ನು ಓದಿಸುತ್ತಾರೆ, ಲೆಕ್ಕ ಮಾಡಿಸುತ್ತಾರೆ, ಉಕ್ತಲೇಖನ ಬರೆಸುವುದಿಲ್ಲ. ವರ್ಷದಲ್ಲಿ ನಡೆಯುವ ನಮ್ಮ ನಾಲ್ಕು ರೂಪಣಾತ್ಮಕ (ನಡುನಡುವಿನ), ಎರಡು ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನದಲ್ಲೂ ಕಾಗುಣಿತ ಬೇರೆ ಉತ್ತರಗಳ ಒಳಗೆ ಸೇರಿ ಕರಗಿಹೋಗುತ್ತದೆ. ಹಾಗಾಗಿ ಕಾಗುಣಿತವನ್ನೇ ಬೇರೆಯಾಗಿ ನೋಡುವ ಒಂದು ಸಾಧನ ಬೇಕಿತ್ತು, ಇದು ಬಂತು ಎಂದು ಖುಷಿಯಾಗಿತ್ತು.

ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ನಾನು ನೋಡಿದ್ದು ಇಬ್ಬರನ್ನು. ಒಬ್ಬಳು ಹುಡುಗಿ, ಒಬ್ಬ ಹುಡುಗ. ಇಬ್ಬರಿಗೂ 20ಕ್ಕೆ 12. ಆ್ಯಪ್ ಇಬ್ಬರನ್ನೂ ಮೂರನೇ ಹಂತ ಎಂದಿತು, ಇಬ್ಬರಿಗೂ ಒಂದೇ ಅಭ್ಯಾಸದ ಹಾಳೆ ಕೊಟ್ಟಿತು. ನಾನು ಸುಮ್ನೆ ಅವರ ಹಾಳೆ ಪಕ್ಕ ಪಕ್ಕ ಇಟ್ಟು ನೋಡಿದೆ. ಹುಡುಗಿಯ ಎಂಟು ತಪ್ಪಿನಲ್ಲಿ ಏಳು ಒಂದೇ ಜಾತಿಯವು. ಭೂಮಿ ಎನ್ನುವುದು ಬೂಮಿ, ಅಧ್ಯಾಯ ಎನ್ನುವುದು ಅದ್ಯಾಯ, ಮೇಘ ಎನ್ನುವುದು ಮೇಗ. ದೀರ್ಘ ಸರಿ, ಒತ್ತು ಸರಿ, ಸೊನ್ನೆ ಸರಿ. ಅವಳಿಗೆ ಬಾರದಿರುವುದು ಮಹಾಪ್ರಾಣ ಒಂದೇ. ಹುಡುಗನ ಎಂಟು ತಪ್ಪು ಎಂಟು ತರ. ಒಂದು ಕಡೆ ಒತ್ತು ಬಿಟ್ಟಿದ್ದಾನೆ, ಒಂದು ಕಡೆ ದೀರ್ಘ ಇಲ್ಲ, ಒಂದು ಕಡೆ ನಡುವಿನ ಅಕ್ಷರವೇ ಇಲ್ಲ, ಬಾಳೆಹಣ್ಣು ಎನ್ನುವುದು ಬಳೆಣು ಆಗಿದೆ. ಇವರಿಬ್ಬರಿಗೆ ಒಂದೇ ಪಾಠ ಮಾಡಲು ಆಗುತ್ತದಾ? ಹುಡುಗಿಗೆ ಬೇಕಾದ್ದು ಎರಡು ವಾರದ ಒಂದು ಕೆಲಸ. ಹುಡುಗನನ್ನು ಪಕ್ಕದಲ್ಲಿ ಕೂರಿಸಿ, ಪದವನ್ನು ನಿಧಾನವಾಗಿ ಬಿಡಿಸಿ ಹೇಳಿಸಿ, ಒಂದೊಂದು ದನಿಗೂ ಬೆರಳು ಎತ್ತಿಸಿ, ಆಮೇಲೆ ಬರೆಸಬೇಕು, ಅದು ತಿಂಗಳುಗಟ್ಟಲೆ ನಡೆಯುವ ಕೆಲಸ.

12 ಎನ್ನುವ ಅಂಕ ಈ ವ್ಯತ್ಯಾಸವನ್ನು ಪೂರ್ತಿ ಮುಚ್ಚಿಹಾಕುತ್ತದೆ. ಈ ಆ್ಯಪ್ ಬಗ್ಗೆ ನನ್ನ ದೊಡ್ಡ ದೂರು ಇದೇ. ಮಗು ಎಂತ ಬರೆಯಿತು ಎನ್ನುವುದನ್ನು ಅದು ಇಟ್ಟುಕೊಳ್ಳುವುದೇ ಇಲ್ಲ. ಸರಿ, ತಪ್ಪು, ಲೆಕ್ಕ, ಮುಗಿಯಿತು. ಹಾಳೆಯ ಫೋಟೋ ಕೂಡ 30 ದಿನ ಆದ ಮೇಲೆ ಅಳಿಸಿಹೋಗುತ್ತದೆ.

ಮಹಾಪ್ರಾಣದ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಇದೇ ದೊಡ್ಡ ಪಾಲು. ವರ್ಗೀಯ ವ್ಯಂಜನ 25, ಅದರಲ್ಲಿ 10 ಮಹಾಪ್ರಾಣ. ಮನೆಯಲ್ಲಿ ಆಡುವ ತುಳುವಿನಲ್ಲಿ ಅವುಗಳಿಗೆ ಕೆಲಸವೇ ಇಲ್ಲ. ಮಗು ಭ ಎನ್ನುವುದನ್ನು ಶಾಲೆಗೆ ಬಂದ ಮೇಲೆ ಮೊದಲ ಸಲ ಗಮನ ಇಟ್ಟು ಕೇಳುತ್ತದೆ. ಕೊಂಕಣಿಯ ಇಬ್ಬರು ಮಕ್ಕಳಿಗೆ ನನ್ನಲ್ಲಿ ಈ ತೊಂದರೆ ಬಹಳ ಕಡಿಮೆ. ಅವರ ಮನೆಮಾತಿನಲ್ಲಿ ಘರ್ (ಮನೆ) ಉಂಟು, ಭಾವ್ (ಸಹೋದರ) ಉಂಟು, ಕಿವಿ ಮೊದಲೇ ಪಳಗಿದೆ. ಹಾಗಾದರೆ ತುಳು ಮಗು ಬೂಮಿ ಎಂದು ಬರೆದದ್ದು ಅಸಡ್ಡೆ ಅಲ್ಲ, ದಡ್ಡತನವೂ ಅಲ್ಲ. ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ.

ಈಗ ಆ್ಯಪ್ ಇದನ್ನು ಹೇಗೆ ನೋಡುತ್ತದೆ ಅಂದರೆ, ನೋಡುವುದೇ ಇಲ್ಲ. ದ, ಬ, ಡ ಇವುಗಳ ಹೊಟ್ಟೆ ಸೀಳಿದರೆ ಧ, ಭ, ಢ. ಆ ಸೀಳು ಒಂದು ಪುಟ್ಟ ಗೆರೆ. ಸೀಸದಕಡ್ಡಿಯಲ್ಲಿ ಬರೆದು, ಕಿಟಕಿಯ ಮಂದ ಬೆಳಕಿನಲ್ಲಿ ಫೋನಿನಿಂದ ಫೋಟೋ ತೆಗೆದರೆ ಅದು ಕಾಣುವುದಿಲ್ಲ. ಸರಿಯಾಗಿ ಹೊಟ್ಟೆ ಸೀಳಿದ ಮಗುವಿಗೆ ತಪ್ಪು ಬಂತು, ಸೀಳದ ಮಗುವಿಗೆ ಹಾಳೆಯ ಗೆರೆ ತಾಗಿ ಸರಿ ಬಂತು. ಎಲ್ಲಿ ನಮಗೆ ಜಾಸ್ತಿ ನಿಖರತೆ ಬೇಕೋ ಅಲ್ಲೇ ಇದನ್ನು ನಂಬಲು ಆಗುವುದಿಲ್ಲ. ಮೊದಲ ತಿಂಗಳು ನನಗೆ ಇದು ಗೊತ್ತೇ ಆಗಿರಲಿಲ್ಲ. ಒಂದು ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು "ಟೀಚರೇ, ನಾನು ಸೀಳಿದ್ದೇನೆ, ನೋಡಿ" ಎಂದು ಹಾಳೆ ತಂದಾಗ ಗೊತ್ತಾಯಿತು. ಆ ದಿನದಿಂದ ಪ್ರತಿ ಹಾಳೆಯನ್ನೂ ನಾನೇ ಮತ್ತೆ ನೋಡುತ್ತೇನೆ. ಕೈಯಿಂದ ಸರಿ ಮಾಡಲು ಒಂದು ಗುಂಡಿ ಉಂಟು, ಅದು ಒಳ್ಳೆಯದೇ, ಆದರೆ 23 ಹಾಳೆ, 20 ಪದ, ಒಂದೊಂದಾಗಿ ಒತ್ತುತ್ತಾ ಕೂತರೆ ಕೆಂಪು ಪೆನ್ನಿನಲ್ಲಿ ತಿದ್ದುವುದಕ್ಕಿಂತ ಹೊತ್ತು ಹೋಗುತ್ತದೆ.

ಸೂರ್ಯ ಎನ್ನುವ ಪದದಲ್ಲೂ ಹೀಗೇ ಆಯಿತು. ಯ ಬರೆದು ಪಕ್ಕದಲ್ಲಿ ಅರ್ಕಾವತ್ತು ಹಾಕಿದರೆ ಸರಿ, ರ ಬರೆದು ಕೆಳಗೆ ಯ ಒತ್ತು ಕೊಟ್ಟರೆ ತಪ್ಪು ಎಂದಿತು. ಎರಡೂ ಸರಿಯಾದ ಬರಹವೇ. ಕಂಪನಿಯವರಿಗೆ ಬರೆದೆ. ಜನವರಿಯಲ್ಲಿ ಸರಿ ಮಾಡಿದರು, ಅದಕ್ಕೆ ಧನ್ಯವಾದ ಹೇಳಬೇಕು.

ವಾಕ್ಯಗಳನ್ನು ಬರೆದವರು ಇನ್ನಷ್ಟು ಎಚ್ಚರ ವಹಿಸಬೇಕಿತ್ತು. ಧನ ಎಂಬ ಪದಕ್ಕೆ ಅವರು ಕೊಟ್ಟ ವಾಕ್ಯ, "ಅವನ ಹತ್ತಿರ ತುಂಬ ಧನ ಇತ್ತು." ನನ್ನ ತರಗತಿಯಲ್ಲಿ 15 ಮಕ್ಕಳು ದನ ಎಂದು ಬರೆದರು. ಅವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಹಟ್ಟಿ ಉಂಟು. ಒಬ್ಬನ ಹತ್ತಿರ ತುಂಬ ದನ ಇರುವುದು ಅವರಿಗೆ ಸಹಜವಾದ ಮಾತು. ವಾಕ್ಯ ಕೊಡುವುದೇ ಇದು ಯಾವ ಪದ ಎಂದು ಗೊತ್ತಾಗಲಿ ಎಂದು. ಎರಡು ಪದಕ್ಕೂ ಹೊಂದುವ ವಾಕ್ಯ ಕೊಟ್ಟರೆ ಅದು ಮಗುವಿನ ಪರೀಕ್ಷೆ ಆಗುವುದಿಲ್ಲ. ಹಳ್ಳಿ ಎನ್ನುವುದಕ್ಕೆ "ನಾನು ನಿನ್ನೆ ಒಂದು ಹಳ್ಳಿ ನೋಡಿದೆ" ಎಂದಿದೆ. ಹಲ್ಲಿ ಎಂದು ಬರೆದವರು ಏಳು ಮಂದಿ. ನಮ್ಮಲ್ಲಿ ಕೆಲವು ಮನೆಗಳ ಮಾತಿನಲ್ಲಿ ಳ ಮೆತ್ತಗಾಗಿ ಲ ಆಗುತ್ತದೆ, ಣ ಎನ್ನುವುದು ನ ಆಗುತ್ತದೆ. ಅಂಥ ಮಗುವಿಗೆ ವಾಕ್ಯವೂ ಸಹಾಯ ಮಾಡದಿದ್ದರೆ ಪಾಪ ಅದು ಎಂತ ಮಾಡಬೇಕು?

ನಲಿ-ಕಲಿ, ಅಂದರೆ ಒಂದರಿಂದ ಮೂರನೇ ತರಗತಿಯವರಿಗೆ ಚಟುವಟಿಕೆಯಿಂದ ಕಲಿಸುವ ತರಗತಿ, ತೆಗೆದುಕೊಳ್ಳುವ ನನ್ನ ಸಹೋದ್ಯೋಗಿಯೂ ಎರಡು ತಿಂಗಳು ಇದನ್ನು ನೋಡಿದರು. ಅವರ ದೂರು ಬೇರೆ. ಆ್ಯಪ್‌ನ ಒಂದನೇ ಹಂತ ಅಕ್ಷರಮಾಲೆಯ ಕ್ರಮದಲ್ಲಿ ಉಂಟು, ಇಲಿ, ಈಜು, ಊಟ, ಐದು ಹೀಗೆ. ನಲಿ-ಕಲಿಯಲ್ಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ. ಅರಸ, ಅಗಸ, ಸರ, ದರ ಎಂದು ಚಂದ ಬರೆಯುವ ಮಗುವಿಗೆ ಇಲ್ಲಿ 20ಕ್ಕೆ ಎರಡು ಬಂದರೆ ಅದು ಮಗುವಿನ ಮಟ್ಟ ಅಲ್ಲ, ಇನ್ನೂ ಕಲಿಸದ್ದನ್ನು ಕೇಳಿದ್ದು. ಅವರು ಅಲ್ಲಿಗೇ ಬಿಟ್ಟರು. ಒಂದರಿಂದ ಮೂರನೇ ತರಗತಿಯವರು ದಯವಿಟ್ಟು ಇದನ್ನು ಕೊಳ್ಳಬೇಡಿ.

ಟ್ಯಾಬ್ಲೆಟ್‌ನಲ್ಲಿ ಟೈಪ್ ಮಾಡಿಸುವ ವಿಧಾನವೂ ಉಂಟು. ಎರಡು ಅಕ್ಷರ ಒತ್ತುವಷ್ಟರಲ್ಲಿ ಕೀಬೋರ್ಡ್ ಪೂರ್ತಿ ಪದ ಮೇಲೆ ತೋರಿಸುತ್ತದೆ. ಅದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿದರೂ ಒತ್ತಕ್ಷರ ಟೈಪ್ ಮಾಡುವುದೇ ಬೇರೆ ವಿದ್ಯೆ. ಅದನ್ನು ಬಿಟ್ಟುಬಿಡಿ.

"ಸರಿಯಾದುದನ್ನು ಆರಿಸಿ" ಎಂಬ ಆಟವನ್ನು ಮಾತ್ರ ಖಂಡಿತ ಆಡಿಸಬೇಡಿ. ಕೃಷಿ, ಕ್ರಷಿ, ಕ್ರುಷಿ, ಕಷಿ, ಇದರಲ್ಲಿ ಯಾವುದು ಸರಿ? ನಮ್ಮ ಮಕ್ಕಳಿಗೆ ವಟ್ರಸುಳಿ ಮೊದಲೇ ಕಷ್ಟ. ಉಡುಪಿಯಲ್ಲಿ ಹುಟ್ಟಿ ಬೆಳೆದವರೂ ಕ್ರಷ್ಣ ಎಂದು ಬರೆಯುವುದನ್ನು ಅಂಗಡಿ ಬೋರ್ಡಿನಲ್ಲೂ ನೋಡುತ್ತೇವೆ. ಆದರೂ ದಿನಾ ಬಸ್ಸಿನ ಮುಂದೆ, ಮಠದ ಹತ್ತಿರ ಕೃಷ್ಣ ಎಂಬ ಹೆಸರು ಕಂಡು ಕಂಡು ಕಣ್ಣಿಗೆ ಒಂದು ರೂಪ ಕೂತಿರುತ್ತದೆ. ಆ ಆಟ ಆಡಿದ ವಾರದಲ್ಲಿ ಮೊದಲು ಸರಿಯಾಗಿ ಬರೆಯುತ್ತಿದ್ದ ಮೂವರು ಕ್ರುಷಿ ಎಂದು ಬರೆದರು. ನಾಲ್ಕು ರೂಪ ತೋರಿಸಿ ಅದರಲ್ಲಿ ಮೂರು ತಪ್ಪು ಎಂದರೆ ತಪ್ಪು ಮೂರು ಪಾಲು ಕಣ್ಣಿಗೆ ಬೀಳುತ್ತದೆ. ಕಂಡು ಗುರುತಿಸುವುದು ಬೇರೆ, ನೆನಪಿನಿಂದ ತೆಗೆದು ಬರೆಯುವುದು ಬೇರೆ. ಕಾಗುಣಿತ ಎಂದರೆ ಎರಡನೆಯದು.

ಇಂಗ್ಲಿಷಿನಲ್ಲಿ ಸರಿ ತಪ್ಪು ಲೆಕ್ಕ ಇನ್ನೂ ಜಾಸ್ತಿ ಅನ್ಯಾಯ ಮಾಡುತ್ತದೆ. ಬಸ್ ಎಂದು ಕೇಳಿ ಒಬ್ಬ ಬಿ-ಎ-ಎಸ್ ಎಂದು ಬರೆದ. ಇನ್ನೊಬ್ಬಳು ಎಂ-ಟಿ ಎಂದು ಎರಡು ಅಕ್ಷರ ಬರೆದು ಬಿಟ್ಟಳು. ಇಬ್ಬರಿಗೂ ಸೊನ್ನೆ. ಬಿ-ಎ-ಎಸ್ ಎಂದು ಬರೆದವನಿಗೆ ಮೊದಲ ದನಿ ಗೊತ್ತು, ಕೊನೆಯ ದನಿ ಗೊತ್ತು, ನಡುವೆ ಒಂದು ಸ್ವರ ಬೇಕು ಎಂದೂ ಗೊತ್ತು. ನಮ್ಮ ಬಾಯಿಯ ಬಸ್‌ನಲ್ಲಿ ಇರುವುದು ಅ. ಅ ಎನ್ನುವುದಕ್ಕೆ ಅವನಿಗೆ ಗೊತ್ತಿರುವ ಅಕ್ಷರ ಎ. ಅವನ ತರ್ಕದಲ್ಲಿ ಒಂದೂ ತಪ್ಪಿಲ್ಲ. ಯು ಎಂಬ ಅಕ್ಷರವೂ ಅ ಎಂಬ ದನಿ ಕೊಡುತ್ತದೆ ಎನ್ನುವ ಒಂದೇ ವಿಷಯ ಅವನಿಗೆ ಹೇಳಿದರೆ ಕಪ್, ಮಡ್, ಸನ್ ಎಲ್ಲ ಒಟ್ಟಿಗೆ ಸರಿಹೋಗುತ್ತವೆ. ಟ್ರೇನ್‌ಗೆ ಟಿ-ಆರ್-ಇ-ಎನ್, ಎಗ್‌ಗೆ ವೈ-ಇ-ಜಿ, ಇವೆಲ್ಲ ಹೀಗೇ. ಎಗ್ ಎಂದು ನಾವು ಹೇಳುವಾಗ ಮುಂದೆ ಒಂದು ಯಕಾರ ಬಂದೇ ಬರುತ್ತದೆ ಅಲ್ವಾ, ಮಗು ಅದನ್ನೂ ಕೇಳಿ ಬರೆದಿದೆ. ಕನ್ನಡದಲ್ಲೂ ಬಾಗಲಕೋಟೆ ಕಡೆಯ ನನ್ನ ಹುಡುಗ ಎಮ್ಮೆಗೆ ಯಮ್ಮೆ ಎಂದು, ಒಂದು ಎನ್ನುವುದಕ್ಕೆ ವಂದು ಎಂದು ಬರೆಯುವುದು ಇದೇ ಕಾರಣಕ್ಕೆ.

ಇದು ನಾನು ಹೊಸದಾಗಿ ಹೇಳುತ್ತಿರುವುದೇನೂ ಅಲ್ಲ. ಅಮೆರಿಕದ ಚಾರ್ಲ್ಸ್ ರೀಡ್ ಎಂಬ ಭಾಷಾ ವಿದ್ವಾಂಸರು 1971ರಲ್ಲೇ ಇದನ್ನು ತೋರಿಸಿದ್ದರು. ಶಾಲೆಗೆ ಸೇರುವ ಮೊದಲೇ ತಮ್ಮಷ್ಟಕ್ಕೆ ಬರೆಯಲು ಹೊರಟ ಪುಟ್ಟ ಮಕ್ಕಳ ಕಾಗುಣಿತವನ್ನು ಅವರು ನೋಡಿದರು. ಟ್ರಕ್ ಎಂಬ ಪದವನ್ನು ಆ ಮಕ್ಕಳು ಸಿ-ಎಚ್-ಆರ್ ಎಂದು ಶುರು ಮಾಡುತ್ತಿದ್ದರು. ಅಲ್ಲಿನವರ ಬಾಯಲ್ಲಿ ಅದು ಚ್ರಕ್ ಎಂಬಂತೆಯೇ ಕೇಳುತ್ತದೆ. ದೊಡ್ಡವರಿಗೆ ಓದಿ ಓದಿ ಆ ಕಿವಿ ಹೋಗಿದೆ, ಮಕ್ಕಳಿಗೆ ಇನ್ನೂ ಉಂಟು. 1982ರಲ್ಲಿ ರಿಚರ್ಡ್ ಜೆಂಟ್ರಿ ಎಂಬವರು ಇಂಗ್ಲಿಷ್ ಕಾಗುಣಿತ ಬೆಳೆಯುವ ಐದು ಹಂತ ಹೇಳಿದರು. ಮೊದಲು ಮಗು ದನಿಗೂ ಅಕ್ಷರಕ್ಕೂ ಸಂಬಂಧ ಇಲ್ಲದೆ ಬರೆಯುತ್ತದೆ, ಆಮೇಲೆ ಕೆಲವು ದನಿಗೆ ಮಾತ್ರ ಅಕ್ಷರ ಹಾಕುತ್ತದೆ, ಆಮೇಲೆ ಕೇಳಿದ ಎಲ್ಲ ದನಿಗೂ, ಆಮೇಲೆ ಕಣ್ಣಿಗೆ ಕಂಡ ರೂಪವನ್ನೂ ಸೇರಿಸಿಕೊಳ್ಳುತ್ತದೆ, ಕೊನೆಗೆ ಸರಿ ಬರುತ್ತದೆ. ಹಂತ ಎಂದರೆ ಅದು. ಮಗುವಿನ ತಪ್ಪಿನ ರೂಪ ನೋಡಿ ಹೇಳುವುದು. ಈ ಆ್ಯಪ್‌ನಲ್ಲಿ ಹಂತ ಎಂದರೆ ಶೇಕಡ ಲೆಕ್ಕವನ್ನು ಆರು ತುಂಡು ಮಾಡಿದ್ದು. ಹೆಸರು ಒಂದೇ, ವಿಷಯ ಬೇರೆ. ಅಂಕ ಕೊಡಲೇ ಬೇಕಾದರೆ ಪದಕ್ಕೆ ಒಂದು ಅಂಕ ಬದಲು ಮೊದಲ ದನಿಗೆ ಒಂದು, ಸ್ವರಕ್ಕೆ ಒಂದು, ಕೊನೆಗೆ ಒಂದು ಹೀಗೆ ಕೊಡಬಹುದು. ಬಿ-ಎ-ಎಸ್‌ಗೆ ಮೂರರಲ್ಲಿ ಎರಡು ಬರುತ್ತದೆ, ಎಂ-ಟಿಗೆ ಒಂದೂ ಬರುವುದಿಲ್ಲ, ವ್ಯತ್ಯಾಸ ಕಾಣುತ್ತದೆ.

ಈಗ ಮಳೆಗಾಲದ ವಿಷಯ. ಕರಾವಳಿಯ ಶಾಲೆಯವರು ಇದನ್ನು ಗಮನಿಸಲೇ ಬೇಕು. ನಮ್ಮ ಕೋಣೆಗೆ ಹಂಚಿನ ಮಾಡು, ಹೊರಗಿನ ಜಗಲಿಗೆ ತಗಡಿನ ಶೀಟು. ಜುಲೈಯಲ್ಲಿ ಮಳೆ ಹಿಡಿದರೆ ಎದುರು ಕೂತವರ ಮಾತೇ ಕೇಳಿಸುವುದಿಲ್ಲ, ಇನ್ನು ಫೋನಿನ ದನಿ ಎಲ್ಲಿಂದ ಕೇಳುತ್ತದೆ. ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ಒಂದು ಬ್ಲೂಟೂತ್ ಸ್ಪೀಕರ್ ತಂದೆ. ಮುಂದಿನ ಬೆಂಚಿಗೆ ಜೋರಾಯಿತು, ಹಿಂದಿನ ಬೆಂಚಿಗೆ ಬರೀ ಗದ್ದಲ. ಡಿಸಿಯವರು ರಜೆ ಕೊಟ್ಟ ದಿನ ಬಿಟ್ಟು ಉಳಿದ ದಿನಗಳಲ್ಲಿ ಕೊನೆಗೆ ನಾನೇ ಬೆಂಚುಗಳ ನಡುವೆ ಓಡಾಡುತ್ತಾ ಹೇಳಿದೆ.

ಹಾಗೆ ಹೇಳಿದ್ದರಿಂದಲೇ ಒಂದು ವಿಷಯ ಗೊತ್ತಾಯಿತು. ಒಬ್ಬ ಹುಡುಗ. ಆ್ಯಪ್‌ನಲ್ಲಿ ಅವನಿಗೆ ಜೂನ್‌ನಲ್ಲಿ ಆರು. ನಾನು ಹೇಳಿದಾಗ 14. ಜೂನ್‌ನ ಮಳೆಯ ಕಾರಣ ಎಂದುಕೊಂಡೆ. ಅಕ್ಟೋಬರ್‌ನಲ್ಲಿ ಒಳ್ಳೆಯ ಬಿಸಿಲು, ನಿಶ್ಶಬ್ದ, ಆ್ಯಪ್ ಹಾಕಿದೆ. ಏಳು. ಅಷ್ಟರಲ್ಲಿ ಅವನ ಅಮ್ಮ ಫೋನ್ ಹಿಡಿದುಕೊಂಡು ಶಾಲೆಗೆ ಬಂದರು. ಮೀನು ಒಣಗಿಸುವ ಕೆಲಸ ಬಿಟ್ಟು, ಅರ್ಧ ದಿನದ ಕೂಲಿ ಕಳೆದುಕೊಂಡು ಬಂದಿದ್ದರು. "ಟೀಚರೇ, ಇವನಿಗೆ ತಲೆಗೆ ಎಂತದೋ ಉಂಟು ಅಂತ ಇದರಲ್ಲಿ ಬಂದಿದೆ, ನಮ್ಮ ಪಕ್ಕದ ಮನೆಯವರು ಓದಿ ಹೇಳಿದರು." ನೋಡಿದರೆ ಕೆಂಪು ಬಣ್ಣದಲ್ಲಿ "ಕಲಿಕಾ ನ್ಯೂನತೆಯ ಸಾಧ್ಯತೆ" ಎಂದಿದೆ. ಎರಡು ಉಕ್ತಲೇಖನದ ಅಂಕ ನೋಡಿ ಒಂದು ಯಂತ್ರ ಆ ಮಾತು ಹೇಳಿ, ನನಗೂ ತಿಳಿಸದೆ ನೇರ ಆ ತಾಯಿಗೆ ಕಳಿಸಿತ್ತು. ನನಗೆ ಬಂದ ಸಿಟ್ಟು ಈಗಲೂ ಹೋಗಿಲ್ಲ.

ನನ್ನ ರಿಜಿಸ್ಟರ್‌ನಲ್ಲಿ ಅವನು ಬರೆದದ್ದನ್ನು ಹಾಗೆ ಹಾಗೇ ಬರೆದಿಟ್ಟಿದ್ದೆ. ತೆಗೆದು ನೋಡಿದೆ. ಆ್ಯಪ್ ಹೇಳಿದಾಗ ಮಳೆ ಎನ್ನುವುದು ನಳೆ, ಬಾಗಿಲು ಎನ್ನುವುದು ದಾಗಿಲು, ಮರ ಎನ್ನುವುದು ನರ. ನಾನು ಹೇಳಿದಾಗ ಈ ತಪ್ಪು ಒಂದೂ ಇಲ್ಲ. ಮ, ಬ ಹೇಳುವಾಗ ತುಟಿ ಮುಚ್ಚುತ್ತದೆ, ನ, ದ ಹೇಳುವಾಗ ಮುಚ್ಚುವುದಿಲ್ಲ. ಅವನು ನನ್ನ ತುಟಿ ನೋಡುತ್ತಿದ್ದ! ಮಧ್ಯಾಹ್ನದ ಊಟದ ನಂತರ ಅವನನ್ನು ಕೂರಿಸಿ ಬಾಯಿಗೆ ಪುಸ್ತಕ ಅಡ್ಡ ಹಿಡಿದು ಹತ್ತು ಪದ ಹೇಳಿದೆ. ಮತ್ತೆ ನಳೆ, ದಾಗಿಲು. ಪುಸ್ತಕ ತೆಗೆದು ಹೇಳಿದೆ. ಮಳೆ, ಬಾಗಿಲು. ಅಮ್ಮನಿಗೆ ಹೇಳಿದೆ, ಮೊದಲು ಕಿವಿ ತೋರಿಸಿ, ಅವನಿಗೆ ಸದಾ ಶೀತವೂ ಉಂಟಲ್ಲ. ಡಾಕ್ಟರು ನೋಡಿ ಎರಡೂ ಕಿವಿಯ ಪರದೆಯ ಹಿಂದೆ ನೀರು ನಿಂತಿದೆ ಎಂದರಂತೆ. ಚಿಕಿತ್ಸೆ ಆಯಿತು. ಫೆಬ್ರವರಿಯಲ್ಲಿ ಆ್ಯಪ್ ಹಾಕಿದಾಗ ಅವನಿಗೆ 15.

ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುವುದು ನಿಜವಾದ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದೂ ಸೇರಿದೆ, ಅಂಥ ಮಕ್ಕಳಿಗೆ ಸಿಗಬೇಕಾದ್ದು ಸಿಗಲೇ ಬೇಕು. ಆದರೆ ಅದನ್ನು ಹೇಳಬೇಕಾದವರು ತಿಳಿದವರು, ಮಗುವನ್ನು ಎದುರು ಕೂರಿಸಿ, ಕಿವಿ ಕಣ್ಣು ನೋಡಿಸಿ, ಹಲವು ಪರೀಕ್ಷೆ ಮಾಡಿ ಹೇಳಬೇಕು. ನೀವು ಈ ಬಗೆಯ ಯಾವ ಆ್ಯಪ್ ತೆಗೆದುಕೊಂಡರೂ ಹೆತ್ತವರಿಗೆ ವರದಿ ತಾನಾಗಿ ಹೋಗುವುದನ್ನು ಮೊದಲ ದಿನವೇ ನಿಲ್ಲಿಸಿ. ನಮ್ಮದರಲ್ಲಿ ಅದು ಸೆಟ್ಟಿಂಗ್‌ನ ತೀರಾ ಒಳಗೆ, ಕೊನೆಯ ಪುಟದಲ್ಲಿ ಉಂಟು.

ಈಗ ನಾನು ಮಾಡುತ್ತಿರುವುದು ಹೇಳುತ್ತೇನೆ. ಪದಪಟ್ಟಿ ಆ್ಯಪ್‌ನದ್ದೇ, ಕೆಟ್ಟ ವಾಕ್ಯ ಇರುವ ಏಳೆಂಟು ಪದ ಬಿಟ್ಟು. ಹೇಳುವುದು ನಾನು, ಮಕ್ಕಳಿಗೆ ನನ್ನ ಮುಖ ಕಾಣುವ ಹಾಗೆ ನಿಂತು. ವಾರಕ್ಕೆ ಅಲ್ಲ, ತಿಂಗಳಿಗೆ ಒಮ್ಮೆ. ಒಂದು ಉದ್ದದ ಗೆರೆ ಪುಸ್ತಕದಲ್ಲಿ ಅಡ್ಡಕ್ಕೆ ಕಾಲಂ ಹಾಕಿದ್ದೇನೆ, ದೀರ್ಘ, ಒತ್ತು, ಹೊಟ್ಟೆ ಸೀಳು, ವಟ್ರಸುಳಿ, ನ-ಣ ಮತ್ತು ಲ-ಳ, ಶ-ಷ-ಸ, ಸೊನ್ನೆ, ಅಕ್ಷರ ಬಿಟ್ಟದ್ದು. ಮಗು ತಪ್ಪು ಬರೆದ ಪದವನ್ನು ಬರೆದ ಹಾಗೇ ಆ ಕಾಲಂನಲ್ಲಿ ಬರೆಯುತ್ತೇನೆ. ಸ್ವಾತಂತ್ರ್ಯ ಎನ್ನುವುದನ್ನು ಸ್ವಾತಂತ್ರ ಎಂದು ಬರೆದ ಮಗುವಿಗೆ ಒಂದೇ ಒಂದು ಒತ್ತು ಬಾಕಿ. ಸತಂತ ಎಂದು ಬರೆದ ಮಗುವಿನ ಹೆಸರಿನ ಮುಂದೆ ಎರಡು ಮೂರು ಕಾಲಂ ತುಂಬುತ್ತದೆ. ಇಡೀ ತರಗತಿಗೆ ಒಂದು ಸಂಜೆ ಮತ್ತು ಮಾರನೇ ದಿನದ ಬಿಡುವಿನ ಒಂದು ಪೀರಿಯಡ್ ಸಾಕು. ಮೇಲಿಂದ ಕೆಳಗೆ ನೋಡಿದರೆ ಇಡೀ ತರಗತಿಗೆ ಎಂತ ಕಲಿಸಬೇಕು ಎಂದು ಕಾಣುತ್ತದೆ, ಅಡ್ಡಕ್ಕೆ ನೋಡಿದರೆ ಒಂದು ಮಗುವಿಗೆ ಎಂತ ಬೇಕು ಎಂದು ಕಾಣುತ್ತದೆ. ಜೊತೆಗೆ ತಿಂಗಳಿಗೆ ಒಂದು ಸಲ ಅವರದ್ದೇ ಬರಹದಿಂದ, ಅಂದರೆ ಪತ್ರವೋ ಪ್ರವಾಸದ ಬಗ್ಗೆ ಬರೆದದ್ದೋ, ಅದರಿಂದ ಐದು ಸಾಲು ತೆಗೆದು ಇದೇ ಕಾಲಂಗೆ ಹಾಕುತ್ತೇನೆ. ಉಕ್ತಲೇಖನದಲ್ಲಿ ಸರಿ ಬರೆದು ಪತ್ರದಲ್ಲಿ ತಪ್ಪುವ ಮಕ್ಕಳು ಇದರಿಂದಲೇ ಸಿಕ್ಕಿದ್ದು.

ಮೊದಲು ಹೇಳಿದ ಆ ಇಬ್ಬರಲ್ಲಿ ಹುಡುಗಿ ಈಗ ಹೊಟ್ಟೆ ಸೀಳುವ ಪದಗಳನ್ನು ತಾನೇ ಒಂದು ಪುಟದಲ್ಲಿ ಒಟ್ಟು ಮಾಡುತ್ತಾಳೆ, 60 ದಾಟಿದೆ. ಹುಡುಗ ಬಾಳೆಹಣ್ಣು ಬರೆಯಲು ಕಲಿತ. ನಡುವಿನ ಅಕ್ಷರ ಬಿಡುವುದು ಕಡಿಮೆಯಾಗಿದೆ, ಒತ್ತು ಇನ್ನೂ ಕಷ್ಟ. ಅವನ ಜೊತೆ ದಿನಾ ಹತ್ತು ನಿಮಿಷ ಕೂರುತ್ತಿದ್ದೇನೆ.

ಆ್ಯಪ್‌ಗೆ 5ರಲ್ಲಿ ಎರಡೂವರೆ ಕೊಡುತ್ತೇನೆ. ಪದಪಟ್ಟಿಗೆ, ಮೂರು ಸಲದ ಹೋಲಿಕೆಗೆ ಆ ಅಂಕ. ನವೀಕರಣದ ಹಣ ಕೇಳಿದ್ದಾರೆ. ಮಗು ಬರೆದ ರೂಪವನ್ನು ಇಟ್ಟುಕೊಂಡು ತೋರಿಸುವುದು, ವಾಕ್ಯಗಳನ್ನು ತಿದ್ದುವುದು, ಆ ಕೆಂಪು ಎಚ್ಚರಿಕೆ ತೆಗೆಯುವುದು, ಈ ಮೂರು ಮಾಡಿದರೆ ಕೊಡೋಣ, ಇಲ್ಲವಾದರೆ ಆ 2,400 ರೂಪಾಯಿಗೆ ತರಗತಿ ಗ್ರಂಥಾಲಯಕ್ಕೆ ಪುಸ್ತಕ ತರೋಣ ಎಂದು ಹೆಡ್ ಮೇಡಂಗೆ ಹೇಳಿದ್ದೇನೆ. ಅವರೂ ಒಪ್ಪಿದ್ದಾರೆ.

ಕಾಲಂ ಹಾಕಿದ ಪುಟದ ಫೋಟೋ ಬೇಕಾದವರು ಕೇಳಿ, ಕಳಿಸುತ್ತೇನೆ. ಆದರೆ ಕಾಲಂಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಮೊದಲು ನಿಮ್ಮ ಮಕ್ಕಳ ಒಂದು ತಿಂಗಳ ತಪ್ಪು ಬರೆದಿಟ್ಟು ನೋಡಿ, ಆಮೇಲೆ ಗೆರೆ ಹಾಕಿ. ಮಂಗಳೂರಿನ ಬಂದರು ಕಡೆಯ ಶಾಲೆಯಲ್ಲೋ ಕಾರ್ಕಳದ ಒಳಗಿನ ಶಾಲೆಯಲ್ಲೋ ಇರುವವರಿಗೆ ನನ್ನ ಎಂಟರಲ್ಲಿ ಎರಡು ಬೇಡವಾಗಬಹುದು, ಬೇರೆ ಎರಡು ಬೇಕಾಗಬಹುದು.